ಮುಂದಿನ ಆಕ್ಸಲ್ ಬೋಲ್ಟು ಮುರಿದರೆ: ತುಂಡು ತೆಗೆಯುವುದರಿಂದ ಹಿಡಿದು ಮತ್ತೆ ಬಿಗಿ ಮಾಡುವವರೆಗೆ

ಆಯುಧಪೂಜೆಗೆ ಇನ್ನು ಎರಡೇ ದಿನ ಇತ್ತು. ಪೂಜೆಗೆ ಮುಂಚೆ ಬೈಕಿನ ಮುಂದಿನ ಚಕ್ರ ಬಿಚ್ಚಿ, ಬೇರಿಂಗ್ ನೋಡಿ, ಚಕ್ರದ ನಡುವೆ ತೂರಿರುವ ಕಂಬಿಗೆ, ಅಂದರೆ ಆಕ್ಸಲ್‌ಗೆ, ಒಂಚೂರು ಗ್ರೀಸ್ ಹಚ್ಚಿ, ತೊಳೆದು ಒರೆಸಿ ಇಟ್ಟುಬಿಡೋಣ ಅಂತ ಮಂಡ್ಯದ ನಮ್ಮ ಮನೆ ಮುಂದೆ ಕೂತೆ. ಚಕ್ರವನ್ನು ಎರಡೂ ಕಡೆ ಹಿಡಿದಿರುವ ಕಾಲುಗಳಲ್ಲಿ, ಅಂದರೆ ಫೋರ್ಕಿನಲ್ಲಿ, ಬಲಗಡೆಯದರ ಕೆಳಗಿರುವ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿ ಎಳೆದೆ. ಮೊದಲು ಕಿರ್ ಅಂದಿತು. ಆಮೇಲೆ ಸಲೀಸಾಗಿ ತಿರುಗಿತು. ಖುಷಿಯಾಯಿತು. ನೋಡಿದರೆ ತಲೆಯೂ ಅರ್ಧ ಮೈಯೂ ಕೈಗೆ ಬಂದಿವೆ, ತ್ರೆಡ್ (ಸುತ್ತುಗೆರೆ) ಇರುವ ಇನ್ನರ್ಧ ಫೋರ್ಕಿನ ಒಳಗೇ ಕೂತಿದೆ.

ಹಬ್ಬದ ಹೊತ್ತಲ್ಲಿ ಯಾವ ಮೆಕ್ಯಾನಿಕ್ ಸಿಗುತ್ತಾನೆ ಹೇಳಿ. ಆ ವರ್ಷ ನನ್ನ ಬೈಕಿಗೆ ಪೂಜೆ ಆದದ್ದು ಮುಂದಿನ ಚಕ್ರ ಇಲ್ಲದೆ, ಸೈಜುಗಲ್ಲಿನ ಮೇಲೆ. ನಿಂಬೆಹಣ್ಣು ಇಟ್ಟದ್ದು ಹಿಂದಿನ ಚಕ್ರಕ್ಕೆ ಮಾತ್ರ.

ಅದಾದ ಮೇಲೆ ಇದೇ ಕೆಲಸವನ್ನು ಭಾವಮೈದನ ಬೈಕಿಗೂ, ಪಕ್ಕದ ಮನೆಯವರ ಬೈಕಿಗೂ ಮಾಡಿದ್ದೇನೆ. ಮೂರರಲ್ಲೂ ಕಥೆ ಒಂದೇ. ಬೋಲ್ಟು ಮುರಿದದ್ದು ಬಿಚ್ಚುವ ದಿನ, ಆದರೆ ಹಾಳಾದದ್ದು ಹಿಂದಿನ ಸಲ ಹಾಕಿದ ದಿನ. ಒಣ ಬೋಲ್ಟನ್ನು ಮೈಬಲವನ್ನೆಲ್ಲ ಹಾಕಿ ಬಿಗಿ ಮಾಡಿದ್ದರು, ಅಷ್ಟೇ. ಹಾಗಾಗಿ ಇಲ್ಲಿ ತೆಗೆಯುವುದರ ಬಗ್ಗೆ ಎಷ್ಟು ಹೇಳುತ್ತೇನೋ, ಹಾಕುವುದರ ಬಗ್ಗೆಯೂ ಅಷ್ಟೇ ಹೇಳುತ್ತೇನೆ.

ಯಾವುದು ಮುರಿದಿದೆ, ಮೊದಲು ಅದನ್ನು ನೋಡಿ

ಮುಂದಿನ ಆಕ್ಸಲ್ ಹಿಡಿಯುವ ರೀತಿ ಎಲ್ಲ ಬೈಕಿನಲ್ಲೂ ಒಂದೇ ಅಲ್ಲ. ಸಣ್ಣ ಬೈಕುಗಳಲ್ಲಿ ಹೆಚ್ಚಾಗಿ ಉದ್ದದ ಆಕ್ಸಲ್ ಒಂದು ಕಡೆಯಿಂದ ತೂರಿ ಇನ್ನೊಂದು ಕಡೆ ನಟ್ಟು ಹಾಕಿರುತ್ತಾರೆ, ಅಷ್ಟೇ. ಅಲ್ಲಿ ಮುರಿಯುವುದಕ್ಕೆ ಏನೂ ಇಲ್ಲ, ಹೋದರೆ ನಟ್ಟಿನ ತ್ರೆಡ್ ಹೋಗುತ್ತದೆ. ಆಕ್ಸಲ್, ನಟ್ಟು ಎರಡೂ ಹೊಸದು ತಂದು ಹಾಕಿದರೆ ಮುಗಿಯಿತು.

ಎರಡನೆಯದು ಪಿಂಚ್ ಬೋಲ್ಟ್ ಇರುವುದು. ಫೋರ್ಕಿನ ಪಾದದಲ್ಲಿ ಆಕ್ಸಲ್ ಕೂರುವ ತೂತು ಇರುತ್ತದೆ, ಆ ತೂತಿಗೆ ಒಂದು ಕಡೆ ಸೀಳು ಬಿಟ್ಟಿರುತ್ತಾರೆ. ಸೀಳಿಗೆ ಅಡ್ಡಲಾಗಿ ಒಂದು ಬೋಲ್ಟು. ಬಿಗಿ ಮಾಡಿದರೆ ಸೀಳು ಕಿರಿದಾಗಿ ಆಕ್ಸಲ್ಲನ್ನು ಅಪ್ಪಿ ಹಿಡಿಯುತ್ತದೆ. ಗ್ಯಾಸ್ ಪೈಪಿನ ಕ್ಲಿಪ್ ನೋಡಿದ್ದೀರಲ್ಲ, ಅದೇ ಲೆಕ್ಕ. ಸೀಳಿನ ಮೇಲಿನ ಅರ್ಧದಲ್ಲಿ ಬೋಲ್ಟಿನ ತೂತು ಸುಮ್ನೆ ನುಣುಪಾಗಿರುತ್ತದೆ, ತ್ರೆಡ್ ಇರುವುದು ಕೆಳಗಿನ ಅರ್ಧದಲ್ಲಿ ಮಾತ್ರ. ಬೋಲ್ಟು ಮುರಿಯುವುದೂ ಹೆಚ್ಚಾಗಿ ಸೀಳಿನ ಹತ್ತಿರವೇ, ಮೊದಲ ತ್ರೆಡ್ ಹಿಡಿಯುವ ಜಾಗದಲ್ಲಿ.

ಮೂರನೆಯದು ಕ್ಯಾಪ್ ಇರುವುದು. ಆಕ್ಸಲ್ ತೂತಿನ ಅರ್ಧ ಫೋರ್ಕಿನಲ್ಲಿ, ಇನ್ನರ್ಧ ಒಂದು ಬೇರೆ ತುಂಡಿನಲ್ಲಿ. ಆ ತುಂಡನ್ನು ಎರಡು ಅಥವಾ ನಾಲ್ಕು ಸ್ಟಡ್ಡು (ತಲೆ ಇಲ್ಲದ ಬೋಲ್ಟು) ಹಿಡಿದಿರುತ್ತವೆ. ಹಳೆಯ ಭಾರಿ ಬೈಕುಗಳಲ್ಲಿ ಇದು ಜಾಸ್ತಿ.

ಇದರಲ್ಲಿ ಯಾವುದು ಮುರಿದಿದ್ದರೂ ಆ ಬೈಕು ಓಡಿಸಬೇಡಿ. "ನಾಲ್ಕರಲ್ಲಿ ಮೂರು ಇದೆಯಲ್ಲ, ಮೈಸೂರಿನವರೆಗೆ ನಿಧಾನವಾಗಿ ಹೋದರಾಯಿತು" ಅನ್ನುವ ಮಾತು ನಾನೂ ಕೇಳಿದ್ದೇನೆ. ಆಕ್ಸಲ್ಲು ನೇರವಾಗಿ ಫೋರ್ಕಿನ ತ್ರೆಡ್ಡಿಗೇ ಕೂರುವ ಬೈಕಾದರೆ, ಅದು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವುದೇ ಈ ಪಿಂಚ್ ಬೋಲ್ಟು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ, ಇಲ್ಲವೇ ಮನೆಯಲ್ಲೇ ಮಾಡಿ.

ಮುರಿದ ತುಂಡು ಬಿಸಾಡಬೇಡಿ

ಕೈಗೆ ಬಂದ ತುಂಡನ್ನು ಒರೆಸಿ ಬಿಸಿಲಲ್ಲಿ ಹಿಡಿದು ನೋಡಿ. ಅದು ಬಹಳ ವಿಷಯ ಹೇಳುತ್ತದೆ. ಮುರಿದ ಮುಖ ಪೂರ್ತಿ ಹೊಳೆಯುವ ಬೂದು ಬಣ್ಣ, ಪಕ್ಕದ ತ್ರೆಡ್ಡು ಜಗ್ಗಿ ಸಣ್ಣಗಾಗಿದೆ ಅಂದರೆ ಅತಿಯಾಗಿ ಬಿಗಿ ಮಾಡಿದ್ದಾರೆ. ಅರ್ಧ ಮುಖ ಕಪ್ಪಗೋ ತುಕ್ಕಿನ ಬಣ್ಣವೋ ಆಗಿ, ಉಳಿದರ್ಧ ಹೊಸದಾಗಿ ಹೊಳೆಯುತ್ತಿದ್ದರೆ ಬಿರುಕು ಹಿಂದೆಯೇ ಬಿದ್ದಿತ್ತು, ಇವತ್ತು ನಿಮ್ಮ ಕೈಯಲ್ಲಿ ಪೂರ್ತಿಯಾಯಿತು ಅಷ್ಟೇ. ಹಾಗಿದ್ದರೆ ಉಳಿದ ಬೋಲ್ಟುಗಳೂ ಅದೇ ದಾರಿಯಲ್ಲಿರುತ್ತವೆ. ಒಂದನ್ನಲ್ಲ, ಎಲ್ಲವನ್ನೂ ಬದಲಿಸಿ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಬೋಲ್ಟು ಮುರಿದದ್ದು ಬಿಗಿ ಮಾಡುವಾಗಲೋ, ಬಿಚ್ಚುವಾಗಲೋ?

ಬಿಗಿ ಮಾಡುವಾಗ ಮುರಿದಿದ್ದರೆ ನೀವು ಅದೃಷ್ಟವಂತರು. ತಲೆ ಹೋದ ತಕ್ಷಣ ಎಳೆತ ಹೋಯಿತು, ಒಳಗಿನ ತುಂಡನ್ನು ಹಿಡಿದಿಡುವುದಕ್ಕೆ ಏನೂ ಇಲ್ಲ. ಚೂಪಾದ ಕಡ್ಡಿ ಇಟ್ಟು ತಿವಿದು ತಿರುಗಿಸಿದರೇ ಎಷ್ಟೋ ಸಲ ಬಂದುಬಿಡುತ್ತದೆ. ಬಿಚ್ಚುವಾಗ ಮುರಿದಿದ್ದರೆ ಬೇರೆ ಮಾತು. ಅಲ್ಲಿ ಹಿಡಿದಿರುವುದು ತುಕ್ಕು. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಫೋರ್ಕು, ನಡುವೆ ನೀರು. ಈ ಮೂರು ಸೇರಿದರೆ ಒಂದು ಸಣ್ಣ ಬ್ಯಾಟರಿ ಆದ ಹಾಗೆ, ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹೀಗಾಗಿ ಬೋಲ್ಟನ್ನು ಸುತ್ತಲಿಂದ ಅಮುಕಿ ಹಿಡಿಯುತ್ತದೆ. ನಮ್ಮ ಕಡೆ ಬೈಕನ್ನು ನಾಲೆಗೆ ಇಳಿಸಿ ತೊಳೆಯುತ್ತೇವೆ, ಕಬ್ಬಿನ ಗದ್ದೆಯ ಕೆಸರಲ್ಲಿ ಓಡಿಸುತ್ತೇವೆ, ಆ ಕೆಸರು ಸರಿಯಾಗಿ ಹೋಗಿ ಕೂರುವುದು ಆ ಸೀಳಿನಲ್ಲೇ. ಒಣಗಿದ ಮೇಲೂ ಒಳಗೆ ತೇವ ಇದ್ದೇ ಇರುತ್ತದೆ.

ಹೊಸ ಬೋಲ್ಟು ತರುವಾಗ

ತುಂಡು ತೆಗೆಯುವ ಮುಂಚೆಯೇ ಹೊಸ ಬೋಲ್ಟು ತಂದಿಟ್ಟುಕೊಳ್ಳಿ. ಅಳತೆ ಗೊತ್ತಾದರೆ ಡ್ರಿಲ್ ಬಿಟ್ ಯಾವುದು, ತೂತಿನೊಳಗೆ ತ್ರೆಡ್ ಕೊರೆಯುವ ಟ್ಯಾಪ್ ಯಾವುದು ಎನ್ನುವುದೂ ಗೊತ್ತಾಗುತ್ತದೆ. ಈ ಜಾಗದಲ್ಲಿ ಸಾಮಾನ್ಯವಾಗಿ ಬರುವುದು ಎಂ8 ಬೋಲ್ಟು, ಅಂದರೆ 8 ಮಿಮೀ ದಪ್ಪದ್ದು, ತ್ರೆಡ್ಡಿನ ಅಂತರ 1.25 ಮಿಮೀ. ಕೆಲವು ಸಣ್ಣ ಬೈಕಿನಲ್ಲಿ ಎಂ6, ಅಂತರ 1 ಮಿಮೀ. ಸ್ಪ್ಯಾನರ್ ಅಳತೆ ನೋಡಿ ಮೋಸ ಹೋಗಬೇಡಿ. ಎಂ8 ಬೋಲ್ಟಿನ ತಲೆ 13ರದ್ದೂ ಇರುತ್ತದೆ, 12ರದ್ದೂ ಇರುತ್ತದೆ. ಅಳೆಯುವ ವರ್ನಿಯರ್ ಕ್ಯಾಲಿಪರ್‌ನಲ್ಲಿ ತ್ರೆಡ್ಡಿನ ಹೊರ ಅಳತೆ ನೋಡಿ, 8ಕ್ಕಿಂತ ಕೂದಲೆಳೆ ಕಡಿಮೆ ತೋರಿಸಿದರೆ ಅದು ಎಂ8.

ಬೈಕಿನ ಬಿಡಿಭಾಗದ ಅಂಗಡಿಯಲ್ಲಿ ಅದೇ ಮಾಡೆಲ್‌ನದ್ದು ಸಿಕ್ಕರೆ ಎರಡನೇ ಯೋಚನೆ ಬೇಡ, ತಗೊಳ್ಳಿ. ಸಿಗದೆ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಬೋಲ್ಟಿನ ತಲೆ ನೋಡಿ. 8.8 ಅಂತ ಅಚ್ಚು ಇರಬೇಕು. ಅದರ ಅರ್ಥ ಇಷ್ಟೇ: ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ತುಂಡಾಗುವುದಿಲ್ಲ, ಅದರ ಶೇಕಡ 80ರವರೆಗೆ, ಅಂದರೆ 640ರವರೆಗೆ ಎಳೆದರೂ ಮತ್ತೆ ತನ್ನ ಉದ್ದಕ್ಕೆ ಬರುತ್ತದೆ. ತಲೆ ಮೇಲೆ ಏನೂ ಅಚ್ಚಿಲ್ಲದ ಬೋಲ್ಟು ಗೇಟಿಗೆ, ಶೆಡ್ಡಿಗೆ ಸರಿ. ಮುಂದಿನ ಚಕ್ರಕ್ಕೆ ಬೇಡ. ಹಳೆಯದರ ಮೇಲೆ 10.9 ಅಂತ ಇದ್ದರೆ ಹೊಸದೂ 10.9 ಇರಲಿ.

ಸ್ಟೈನ್‌ಲೆಸ್ ಸ್ಟೀಲ್ ಹಾಕಿದರೆ ತುಕ್ಕೇ ಹಿಡಿಯುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಬೋಲ್ಟಿಗೆ ಹಿಡಿಯುವುದಿಲ್ಲ, ನಿಜ. ಆದರೆ ಪಕ್ಕದ ಅಲ್ಯೂಮಿನಿಯಂ ಇನ್ನೂ ಬೇಗ ಸವೆಯುತ್ತದೆ. ಬೋಲ್ಟು ಹೊಳೆಯುತ್ತಿರುತ್ತದೆ, ಫೋರ್ಕಿನ ತ್ರೆಡ್ಡು ಪುಡಿಯಾಗಿರುತ್ತದೆ. ನನಗೆ ಸತು ಲೇಪದ ಮಾಮೂಲಿ ಬೋಲ್ಟೇ ಇಷ್ಟ.

ಉದ್ದವನ್ನು ತಲೆಯ ಕೆಳಗಿನಿಂದ ಅಳೆಯಿರಿ. ಅಲ್ಯೂಮಿನಿಯಂ ಒಳಗೆ ಬೋಲ್ಟು ಅದರ ದಪ್ಪದ ಒಂದೂವರೆ ಪಾಲಾದರೂ ಇಳಿದಿರಬೇಕು. ಎಂ8ಕ್ಕೆ 12 ಮಿಮೀ, 16 ಸಿಕ್ಕರೆ ಇನ್ನೂ ಒಳ್ಳೆಯದು. ಗಿಡ್ಡ ಆದರೆ ನಾಲ್ಕೈದು ತ್ರೆಡ್ಡಿನ ಮೇಲೆ ಎಲ್ಲ ಭಾರ ಬಿದ್ದು ಕಿತ್ತು ಬರುತ್ತದೆ. ತೂತು ಕೆಳಗೆ ಮುಚ್ಚಿದ್ದರೆ ಉದ್ದದ ಬೋಲ್ಟೂ ತೊಂದರೆಯೇ. ತಳ ಮುಟ್ಟಿ ನಿಲ್ಲುತ್ತದೆ, ಕೈಗೆ ಬಿಗಿಯಾದ ಹಾಗೆ ಅನಿಸುತ್ತದೆ, ಸೀಳು ಮಾತ್ರ ಹಾಗೇ ಸಡಿಲ.

ಚಕ್ರ ಇಳಿಸುವುದು

ಬೈಕಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ. ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿಕೊಳ್ಳಿ, ಎತ್ತಿದ ಮೇಲೆ ಜಗ್ಗಿದರೆ ಬೈಕೇ ಮಗುಚುತ್ತದೆ. ಆಮೇಲೆ ಇಂಜಿನ್ ಅಡಿಗೆ ಮರದ ತುಂಡು, ಅದರಡಿಗೆ ಸೈಜುಗಲ್ಲು ಇಲ್ಲವೇ ಜ್ಯಾಕ್. ಸೈಲೆನ್ಸರ್ ಪೈಪಿನ ಮೇಲೆ ಭಾರ ಬೀಳಬಾರದು.

ಡಿಸ್ಕ್ ಬ್ರೇಕ್ ಇದ್ದರೆ ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿ. ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡಬೇಡಿ. ಎರಡು ಪ್ಯಾಡಿನ ಮಧ್ಯೆ ಒಂದು ಮರದ ಚಕ್ಕೆ ಸಿಕ್ಕಿಸಿ, ಯಾಕಂದರೆ ಮನೆಯಲ್ಲಿ ಮಕ್ಕಳಿರುತ್ತಾರೆ, ಬಂದವರು ಸುಮ್ನೆ ಬ್ರೇಕ್ ಲಿವರ್ ಒತ್ತುತ್ತಾರೆ, ಪಿಸ್ಟನ್ ಹೊರಗೆ ಬಂದರೆ ಅದು ಇನ್ನೊಂದು ದಿನದ ಕೆಲಸ. ಎಬಿಎಸ್ ಇದ್ದರೆ ಸೆನ್ಸರ್ ಕೂಡ ಬಿಚ್ಚಿ ಪಕ್ಕಕ್ಕಿಡಿ, ಶಾಖಕ್ಕೆ ಅದು ಸಾಯುತ್ತದೆ.

ಆಕ್ಸಲ್ ಎಳೆಯುವ ಮುಂಚೆ ಮೊಬೈಲ್‌ನಲ್ಲಿ ಎರಡೂ ಕಡೆಯ ಫೋಟೋ ತೆಗೆದುಕೊಳ್ಳಿ. ಸ್ಪೇಸರ್ ಯಾವ ಕಡೆ, ಸ್ಪೀಡೋಮೀಟರ್ ಕೇಬಲ್ಲಿನ ಡಬ್ಬಿ ಯಾವ ಕೋನದಲ್ಲಿ ಕೂತಿದೆ, ಟೈರಿನ ಬಾಣ ಎತ್ತ ಇದೆ, ಇವೆಲ್ಲ ಒಂದು ವಾರ ಬಿಟ್ಟು ಜೋಡಿಸುವಾಗ ನೆನಪಿರುವುದಿಲ್ಲ. ಆಕ್ಸಲ್ ಬರದಿದ್ದರೆ ಅದರ ತುದಿಯಲ್ಲಿ ತೂತು ಇದೆಯಾ ನೋಡಿ, ಅದಕ್ಕೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸುತ್ತಾ ಎಳೆಯಿರಿ. ಸುತ್ತಿಗೆ ಬೇಕೇ ಬೇಕಾದರೆ ಮಧ್ಯೆ ಮರದ ತುಂಡು ಇರಲಿ.

ಒಳಗೆ ಉಳಿದ ತುಂಡು

ಇಲ್ಲಿ ಒಂದು ರಾತ್ರಿ ಕಾಯಬೇಕು. ವೈರ್ ಬ್ರಷ್‌ನಿಂದ ಬಿಳಿ ಪುಡಿ, ಮಣ್ಣು ಎಲ್ಲ ಕೆರೆದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಸಂಜೆ ಒಂದು ಸಲ, ಮಲಗುವಾಗ ಒಂದು ಸಲ, ಬೆಳಿಗ್ಗೆ ಎದ್ದು ಒಂದು ಸಲ. ಪ್ರತಿ ಸಲವೂ ತುಂಡಿನ ಮೇಲೆ ಒಂದು ಪಂಚ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಹತ್ತು ಸಲ ಮೆಲ್ಲಗೆ ತಟ್ಟಿ. ಆ ನಡುಕಕ್ಕೆ ಪುಡಿಯಲ್ಲಿ ಸಂದು ಬಿಟ್ಟು ಎಣ್ಣೆ ಒಳಗೆ ಇಳಿಯುತ್ತದೆ. ಎಣ್ಣೆ ಡಿಸ್ಕಿಗಾಗಲಿ ಪ್ಯಾಡಿಗಾಗಲಿ ಹಾರದ ಹಾಗೆ ಬಟ್ಟೆ ಮುಚ್ಚಿರಬೇಕು.

ಆಮೇಲೆ ಶಾಖ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅಂದರೆ ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಫೋರ್ಕಿನ ಪಾದವನ್ನು. ಹೀಟ್ ಗನ್ ಸಾಕು. ಒಂದು ಹನಿ ನೀರು ಹಾಕಿದರೆ ಚುಂಯ್ ಅಂತ ಹಾರಬೇಕು, ಅಲ್ಲಿಗೆ ನಿಲ್ಲಿಸಿ. ಅದಕ್ಕೆ ಮುಂಚೆ ಸ್ಪ್ರೇ ಹೊಡೆದ ಎಣ್ಣೆಯನ್ನೆಲ್ಲ ಒರೆಸಿರಬೇಕು, ಇಲ್ಲದಿದ್ದರೆ ಬೆಂಕಿ ಹತ್ತುತ್ತದೆ. ಗ್ಯಾಸ್ ಬೆಂಕಿ ನೇರವಾಗಿ ಹಿಡಿಯಬೇಡಿ. ಫೋರ್ಕಿನೊಳಗೆ ಎಣ್ಣೆ ಇದೆ, ಮೇಲೆ ರಬ್ಬರಿನ ಸೀಲ್ ಇದೆ. ಬಿಸಿ ಇರುವಾಗಲೇ ಮೇಣದ ಬತ್ತಿಯನ್ನು ಬೋಲ್ಟಿನ ಅಂಚಿಗೆ ತಾಗಿಸಿ. ಮೇಣ ಕರಗಿ ತ್ರೆಡ್ಡಿನೊಳಗೆ ತಾನಾಗಿ ಎಳೆದುಕೊಳ್ಳುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಒಬ್ಬ ಲೇತ್ ಅಂಗಡಿಯವರು, ಮೊದಲು ನಾನು ನಂಬಿರಲಿಲ್ಲ.

ಇನ್ನು ತಿರುಗಿಸುವುದು. ತುಂಡು ಹೊರಗೆ ಚಾಚಿಕೊಂಡಿದ್ದರೆ ವೈಸ್ ಗ್ರಿಪ್ ಪ್ಲೇಯರ್ ಹಾಕಿ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಒಂದೇ ದಿಕ್ಕಿಗೆ ಜಗ್ಗಬೇಡಿ. ಕಾಲು ಸುತ್ತು ಬಂದರೆ ಅದರ ಅರ್ಧ ವಾಪಸ್, ಮತ್ತೆ ಮುಂದೆ. ಕ್ಯಾಪ್ ಇರುವ ಬೈಕಿನ ಸ್ಟಡ್ಡಿನಲ್ಲಿ ತ್ರೆಡ್ ಉಳಿದಿದ್ದರೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿ ಮಾಡಿ, ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಚ್ಚಿ. ಸ್ಟಡ್ಡೇ ಹೊರಗೆ ಬರುತ್ತದೆ.

ಮೇಲ್ಮೈಗೆ ಸಮನಾಗಿ ಮುರಿದಿದ್ದರೆ ವೆಲ್ಡಿಂಗ್ ಅಂಗಡಿ ಒಳ್ಳೆಯದು. ತುಂಡಿನ ಮೇಲೆ ಒಂದು ನಟ್ಟು ಇಟ್ಟು ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡುತ್ತಾರೆ. ಅಲ್ಯೂಮಿನಿಯಂಗೆ ಉಕ್ಕಿನ ವೆಲ್ಡ್ ಅಂಟುವುದಿಲ್ಲ, ಹಾಗಾಗಿ ಫೋರ್ಕ್ ಉಳಿಯುತ್ತದೆ. ಶಾಖವೂ ಸಿಕ್ಕಿತು, ಹಿಡಿಯುವುದಕ್ಕೆ ತಲೆಯೂ ಸಿಕ್ಕಿತು. ಫೋರ್ಕ್ ಕಾಲನ್ನು ಬಿಚ್ಚಿಕೊಂಡು ಹೋದರೆ ಉತ್ತಮ. ಬೈಕಿನ ಮೇಲೇ ಮಾಡಿಸುವುದಾದರೆ ಬ್ಯಾಟರಿ ವೈರ್ ಎರಡೂ ತೆಗೆದಿರಿ, ಅರ್ಥ್ ಕ್ಲ್ಯಾಂಪನ್ನು ಅದೇ ಪಾದಕ್ಕೆ ಹಾಕಿಸಿ.

ನನ್ನದು ಇದಕ್ಕಿಂತ ಕಷ್ಟದ ಜಾಗ. ನುಣುಪು ತೂತಿನ ಆಳದಲ್ಲಿ, ಸೀಳಿನ ಕೆಳಗೆ ತುಂಡು. ಅಲ್ಲಿ ವೆಲ್ಡಿಂಗ್ ರಾಡ್ ಹೋಗುವುದಿಲ್ಲ, ಡ್ರಿಲ್ಲೇ ಗತಿ. ಡ್ರಿಲ್ಲಿನ ಕಷ್ಟ ಏನೆಂದರೆ ಮುರಿದ ಮುಖ ಓರೆಕೋರೆ ಇರುತ್ತದೆ, ಉಕ್ಕು ಗಟ್ಟಿ, ಪಕ್ಕದ ಅಲ್ಯೂಮಿನಿಯಂ ಮೆತ್ತಗೆ. ಡ್ರಿಲ್ ಬಿಟ್ಟು ಮೆತ್ತಗಿರುವ ಕಡೆಗೇ ಜಾರುತ್ತದೆ. ಜಾರಿತೋ, ತ್ರೆಡ್ಡು ಹೋಯಿತು.

ಹಬ್ಬ ಮುಗಿದ ಮೇಲೆ ಫೋರ್ಕ್ ಕಾಲನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೋದೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರವರೆಗೆ ನಡೆದ ಊರು ಅದು. ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರು ಇವತ್ತೂ ಅಲ್ಲಿ ಕಡಿಮೆ ಇಲ್ಲ, ಅಂಥ ಊರಿನ ಟರ್ನರ್‌ಗಳಿಗೆ ಮುರಿದ ಬೋಲ್ಟು ಹೊಸದಲ್ಲ. ನಾನು ಹೋದ ಲೇತ್ ಅಂಗಡಿಯವರು ನೋಡಿದವರೇ, "ಈಸಿ ಔಟ್ ಏನಾದ್ರೂ ಹಾಕಿದ್ರಾ ಸಾ?" ಅಂದರು. ಮುರಿದ ಬೋಲ್ಟಿನೊಳಗೆ ತೂತು ಹೊಡೆದು, ಅದಕ್ಕೆ ಸಿಕ್ಕಿಸಿ ಬಿಚ್ಚುವ ದಿಕ್ಕಿಗೆ ತಿರುಗಿಸುವ ಕಡ್ಡಿ ಅದು. ಇಲ್ಲ ಅಂದೆ. "ಸದ್ಯ, ಬದುಕುದ್ರಿ" ಅಂದರು.

ಅವರು ಮಾಡಿದ್ದು ಇಷ್ಟು. ಒಂದು ಸಣ್ಣ ಬುಷ್, ಅಂದರೆ ಕೊಳವೆಯಂಥ ತುಂಡು, ಲೇತ್‌ನಲ್ಲಿ ತಿರುವಿದರು. ಅದರ ಹೊರ ಅಳತೆ ಆ ನುಣುಪು ತೂತಿಗೆ ಸರಿಯಾಗಿ ಕೂರುವಷ್ಟು, ಒಳಗೆ ಸರಿ ಮಧ್ಯದಲ್ಲಿ 4 ಮಿಮೀ ತೂತು. ಬುಷ್ ಇಳಿಸಿ, ಅದರೊಳಗಿಂದ ಡ್ರಿಲ್ ಬಿಟ್ಟರೆ ಜಾರುವ ಮಾತೇ ಇಲ್ಲ. ನಡುಮಧ್ಯಕ್ಕೇ ಹೋಗುತ್ತದೆ. ನಿಧಾನದ ವೇಗ, ಎರಡು ಹನಿ ಎಣ್ಣೆ, ಆಗಾಗ ಎತ್ತಿ ಚೂರು ತೆಗೆಯುವುದು. ಮನೆಯಲ್ಲಿ ಮಾಡುವವರೂ ಬುಷ್ ಒಂದನ್ನು ಮಾತ್ರ ಲೇತ್‌ನಲ್ಲಿ ಮಾಡಿಸಿಕೊಂಡು ಬನ್ನಿ, ಉಳಿದದ್ದು ಮಾಮೂಲಿ ಕೈ ಡ್ರಿಲ್ಲಿನಲ್ಲಿ ಆಗುತ್ತದೆ.

ಇಲ್ಲಿ ಒಂದು ಉಪಾಯ ಇದೆ. ತ್ರೆಡ್ಡಿನ ತೂತು ಕೆಳಗೆ ತೆರೆದಿದೆಯೋ ಮುಚ್ಚಿದೆಯೋ ನೋಡಿ. ಮುಚ್ಚಿದ್ದರೆ ಎಡಸುತ್ತಿನ ಡ್ರಿಲ್ ಬಿಟ್ ತಂದು ಡ್ರಿಲ್ಲನ್ನು ಹಿಮ್ಮುಖ ಓಡಿಸಿ. ಬಿಟ್ಟು ಕಚ್ಚಿದ ಕ್ಷಣ ತುಂಡನ್ನು ಬಿಚ್ಚುವ ದಿಕ್ಕಿಗೇ ತಿರುಗಿಸುತ್ತದೆ. ಕೆಳಗೆ ತೆರೆದಿದ್ದರೆ ಮಾಮೂಲಿ ಬಿಟ್ಟೇ ಸಾಕು. ಅದು ಕಚ್ಚಿದರೆ ತುಂಡು ಬಿಗಿಯಾಗುವ ದಿಕ್ಕಿಗೆ ತಿರುಗುತ್ತದೆ, ಅಂದರೆ ಕೆಳಗೆ ಇಳಿಯುತ್ತಾ ಹೋಗಿ ಆ ಕಡೆಯಿಂದ ಹೊರಗೆ ಬೀಳುತ್ತದೆ. ನನ್ನದು ಹಾಗೇ ಆಯಿತು. 4ರಲ್ಲಿ ತೂತು ಹೊಡೆದು 5ರ ಬಿಟ್ಟು ಹಾಕಿದ್ದಷ್ಟೇ, ಕಿರ್ ಅಂತ ಕಚ್ಚಿ ತುಂಡು ಮೆಲ್ಲಗೆ ಇಳಿದು ಬೆಂಚಿನ ಮೇಲೆ ಟಣ್ ಅಂತ ಬಿತ್ತು.

ಯಾವುದೂ ಆಗದಿದ್ದರೆ 5, 6, 6.5 ಹೀಗೆ ಹಂತಹಂತವಾಗಿ ತೂತು ದೊಡ್ಡದು ಮಾಡುತ್ತಾ ಹೋಗಿ 6.8ಕ್ಕೆ ನಿಲ್ಲಿಸಬೇಕು. ಎಂ8 ಟ್ಯಾಪಿಗೆ ಅದೇ ತೂತು. ಎಂ6 ಆದರೆ ಕೊನೆಯ ಅಳತೆ 5. ಮಧ್ಯದಲ್ಲೇ ಹೋಗಿದ್ದರೆ ಬೋಲ್ಟಿನ ಗೋಡೆ ಸ್ಪ್ರಿಂಗಿನ ಹಾಗೆ ಸುರುಳಿಯಾಗಿ ಉಳಿಯುತ್ತದೆ, ಅದನ್ನು ಸೂಜಿಯಂಥ ಕಡ್ಡಿಯಲ್ಲಿ ಎಬ್ಬಿಸಿ ಇಕ್ಕಳದಲ್ಲಿ ಎಳೆದುಬಿಡಬಹುದು.

ಈಸಿ ಔಟ್ ಬಗ್ಗೆ. ಹೆಸರಲ್ಲಿ ಮಾತ್ರ ಈಸಿ. ತುಕ್ಕು ಹಿಡಿದು ಒಂದು ಸಲ ಬೋಲ್ಟನ್ನೇ ಮುರಿದ ಜಾಗ ಅದು, ಆ ಬೋಲ್ಟಿನೊಳಗೆ ಅರ್ಧ ದಪ್ಪದ ಕಡ್ಡಿ ಹಾಕಿ ತಿರುಗಿಸಿದರೆ ಬರುತ್ತದೆ ಅನ್ನುವುದಕ್ಕೆ ಲೆಕ್ಕವೇ ಇಲ್ಲ. ಅದು ಮುರಿದರೆ ಒಳಗೆ ಉಳಿಯುವುದು ಗಡಸು ಉಕ್ಕು, ಮಾಮೂಲಿ ಬಿಟ್ಟು ಅದರ ಮೇಲೆ ಗೀರೂ ಮಾಡುವುದಿಲ್ಲ. ಆಮೇಲೆ ವಿದ್ಯುತ್ ಕಿಡಿಯಲ್ಲಿ ಲೋಹ ಕೊರೆಯುವ ಸ್ಪಾರ್ಕ್ ಮಷೀನ್ ಇರುವ ಟೂಲ್ ರೂಮ್ ಹುಡುಕಿಕೊಂಡು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕಡೆ ಅಲೆಯಬೇಕು. ಕಾಯಿಸಿ, ಎಣ್ಣೆ ಹಾಕಿ, ತುಂಡು ಸ್ವಲ್ಪ ಅಲುಗಿದೆ ಅಂತ ಗೊತ್ತಾದ ಮೇಲೆ ಬೇಕಾದರೆ ಹಾಕಿ.

ತ್ರೆಡ್ ಉಳಿದಿದೆಯಾ

ಟ್ಯಾಪನ್ನು ಕೈಯಲ್ಲೇ ಇಳಿಸಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹೊಸ ತ್ರೆಡ್ ಕೊರೆಯುವುದಲ್ಲ, ಹಳೆಯದರ ಕಸ ತೆಗೆಯುವುದು, ಅಷ್ಟು ನೆನಪಿದ್ದರೆ ಸಾಕು. ಆಮೇಲೆ ಹೊಸ ಬೋಲ್ಟನ್ನು ಬೆರಳಲ್ಲೇ ಪೂರ್ತಿ ಇಳಿಸಿ ನೋಡಿ. ಸರಾಗವಾಗಿ ಇಳಿಯಬೇಕು, ಆದರೆ ಅಲ್ಲಾಡಬಾರದು.

ತ್ರೆಡ್ ಹೋಗಿದ್ದರೆ ಹೆಲಿಕಾಯಿಲ್ ಹಾಕಿಸಿ. ತೂತು ಸ್ವಲ್ಪ ದೊಡ್ಡದು ಮಾಡಿ ಅದರ ಕಿಟ್ಟಿನದೇ ಟ್ಯಾಪ್ ಹೊಡೆದು ಸ್ಟೀಲ್ ತಂತಿಯ ಸುರುಳಿ ಕೂರಿಸುತ್ತಾರೆ, ಮತ್ತೆ ಅದೇ ಎಂ8 ಬೋಲ್ಟು ಹಿಡಿಸುತ್ತದೆ. ಸರಿಯಾಗಿ ಕೂರಿಸಿದರೆ ಬರೀ ಅಲ್ಯೂಮಿನಿಯಂ ತ್ರೆಡ್ಡಿಗಿಂತ ಗಟ್ಟಿ. ಕೊನೆಯಲ್ಲಿ ಸುರುಳಿಯ ಬಾಲವನ್ನು ಮುರಿದು ತೆಗೆಯುವುದನ್ನು ಮರೆಯಬೇಡಿ. "ಎಂ10 ಟ್ಯಾಪ್ ಹೊಡೆದು ದಪ್ಪ ಬೋಲ್ಟು ಹಾಕಿಬಿಡೋಣ" ಅಂದರೆ ಒಪ್ಪಬೇಡಿ. ಬೋಲ್ಟು ಕೂರುವ ಆ ಭಾಗದ ಗೋಡೆ ಮೊದಲೇ ತೆಳು, ಇನ್ನೂ ಕೊರೆದರೆ ಸೀಳುತ್ತದೆ.

ಬಿರುಕು ನೋಡುವುದಕ್ಕೆ ಸೀಮೆಎಣ್ಣೆ, ಸೀಮೆಸುಣ್ಣ ಸಾಕು. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಆದರೂ ಆದೀತು. ಪಾದದ ಸುತ್ತ ಹಚ್ಚಿ ಅರ್ಧ ಗಂಟೆ ಬಿಟ್ಟು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ವೆಲ್ಡಿಂಗ್ ಗಿಲ್ಡಿಂಗ್ ಬೇಡ, ಫೋರ್ಕಿನ ಕೆಳಗಿನ ಕಾಲನ್ನೇ ಬದಲಿಸಿ.

ಮತ್ತೆ ಜೋಡಿಸುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ. ತುಂಡು ಬಂದ ಖುಷಿಯಲ್ಲಿ ಎಲ್ಲ ಬಿಗಿ ಮಾಡಿ ಒಂದು ರೌಂಡ್ ಹೋಗಿ ಬರೋಣ ಅನಿಸುತ್ತದೆ.

ಆಕ್ಸಲ್ಲನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿ. ಸೀಳಿನೊಳಗಿನ ಮಣ್ಣು ಕೆರೆಯಿರಿ. ಹೊಸ ಬೋಲ್ಟಿನ ತ್ರೆಡ್ಡಿಗೆ, ಅದು ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಒಂದು ಕಡಲೆಕಾಳಿಗಿಂತ ಕಡಿಮೆ ಸವರಿ. ಕಂಪನಿಯ ಪುಸ್ತಕದಲ್ಲಿ ಲಾಕ್‌ಟೈಟ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಅಂತ ಇದ್ದರೆ ಆಂಟಿ ಸೀಜ್ ಬೇಡ, ನೀಲಿ ಲಾಕ್‌ಟೈಟ್ ಹಾಕಿ. ಎರಡನ್ನೂ ಒಟ್ಟಿಗೆ ಅಲ್ಲ. ಕೆಂಪು ಲಾಕ್‌ಟೈಟ್ ಅಂತೂ ಬೇಡವೇ ಬೇಡ.

ಚಕ್ರ, ಸ್ಪೇಸರ್, ಸ್ಪೀಡೋ ಡಬ್ಬಿ ಫೋಟೋದಲ್ಲಿ ಇದ್ದ ಹಾಗೇ ಕೂರಿಸಿ ಆಕ್ಸಲ್ ತೂರಿಸಿ. ಮೊದಲು ಆಕ್ಸಲ್ ನಟ್ಟು ಪೂರ್ತಿ ಬಿಗಿ. ಪಿಂಚ್ ಬೋಲ್ಟು ಬೆರಳಲ್ಲಿ ಸಿಕ್ಕಿಸಿ ಬಿಡಿ, ಬಿಗಿ ಮಾಡಬೇಡಿ. ಕ್ಯಾಲಿಪರ್ ಕೂರಿಸಿ, ಬೈಕನ್ನು ಕೆಳಗಿಳಿಸಿ, ಬ್ರೇಕ್ ಲಿವರ್ ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ಬಿಡಿ. ಈಗ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಮುಂದಿನ ಶಾಕ್ಸನ್ನು ನಾಲ್ಕೈದು ಸಲ ಜೋರಾಗಿ ಅದುಮಿ. ಆಗ ಎರಡು ಫೋರ್ಕ್ ಕಾಲುಗಳೂ ಆಕ್ಸಲ್ ಮೇಲೆ ಸರಿದು ತಮ್ಮ ಜಾಗಕ್ಕೆ ಕೂರುತ್ತವೆ. ಪಿಂಚ್ ಬೋಲ್ಟು ಬಿಗಿ ಮಾಡುವುದು ಇದಾದ ಮೇಲೆ. ಮುಂಚೆಯೇ ಬಿಗಿ ಮಾಡಿದರೆ ಕಾಲು ಓರೆಯಾಗಿಯೇ ಸಿಕ್ಕಿಕೊಳ್ಳುತ್ತದೆ, ಶಾಕ್ಸು ಹಿಡಿದು ಹಿಡಿದು ಚಲಿಸುತ್ತದೆ, ಸೀಲ್ ಬೇಗ ಸೋರುತ್ತದೆ.

ಎಷ್ಟು ಬಿಗಿ? ನಿಮ್ಮ ಬೈಕಿನ ಪುಸ್ತಕದಲ್ಲಿ ಇರುವ ಅಂಕಿಯೇ ಕೊನೆಯ ಮಾತು. ಸಾಮಾನ್ಯವಾಗಿ ಎಂ8 ಪಿಂಚ್ ಬೋಲ್ಟಿಗೆ 20 ನ್ಯೂಟನ್ ಮೀಟರ್ ಆಸುಪಾಸು, ಎಂ6ಕ್ಕೆ 10ರ ಆಸುಪಾಸು. ಪುಸ್ತಕದ ಅಂಕಿ ಒಣ ತ್ರೆಡ್ಡಿಗೆ ಕೊಟ್ಟದ್ದು, ಪೇಸ್ಟ್ ಹಚ್ಚಿದರೆ ಐದನೇ ಒಂದು ಪಾಲು ಇಳಿಸಿ. ಜಾರುವ ತ್ರೆಡ್ಡಿನಲ್ಲಿ ಅದೇ ಕೈಬಲಕ್ಕೆ ಬೋಲ್ಟು ಜಾಸ್ತಿ ಎಳೆಯಲ್ಪಡುತ್ತದೆ.

ಟಾರ್ಕ್ ರೆಂಚ್ ಇಲ್ಲದವರಿಗೆ ಒಂದು ದಾರಿ ಇದೆ. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿ ಇರುತ್ತದಲ್ಲ, ಅದು ಸಾಕು. 20 ನ್ಯೂಟನ್ ಮೀಟರ್ ಅಂದರೆ 20 ಸೆಂಟಿಮೀಟರ್ ದೂರದಲ್ಲಿ ಸುಮಾರು 10 ಕೆಜಿ ಎಳೆತ. ರಿಂಗ್ ಸ್ಪ್ಯಾನರಿನಲ್ಲಿ ಬೋಲ್ಟಿನ ಮಧ್ಯದಿಂದ 20 ಸೆಂಟಿಮೀಟರಿಗೆ ಗುರುತು ಹಾಕಿ, ಅಲ್ಲಿ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ನೇರ ಅಡ್ಡವಾಗಿ ಎಳೆಯಿರಿ. 10 ಕೆಜಿ ತೋರಿಸಿದಾಗ ನಿಲ್ಲಿಸಿ. ಪೇಸ್ಟ್ ಹಚ್ಚಿದ್ದರೆ 8ಕ್ಕೇ ನಿಲ್ಲಿಸಿ. ಮೊದಲ ಸಲ ಮಾಡಿದಾಗ "ಇಷ್ಟೇನಾ?" ಅನಿಸಿತು. ಇಷ್ಟೇ. ಹಿಂದೆ ಇದೇ ಬೋಲ್ಟಿಗೆ ಸ್ಪ್ಯಾನರ್ ತುದಿಗೆ ಪೈಪ್ ತೂರಿಸಿ ಎಳೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ, ಗಟ್ಟಿ ಕೆಲಸ ಅಂತ ಮೆಚ್ಚಿಕೊಂಡೂ ಇದ್ದೆ.

ಒಂದೇ ಕಾಲಿಗೆ ಎರಡು ಪಿಂಚ್ ಬೋಲ್ಟ್ ಇದ್ದರೆ ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು. ಎರಡನೆಯದನ್ನು ಬಿಗಿ ಮಾಡಿದಾಗ ಮೊದಲನೆಯದು ಸಡಿಲ ಆಗಿರುತ್ತದೆ. ಕ್ಯಾಪ್ ಇರುವ ಬೈಕಿನಲ್ಲಿ ಕ್ಯಾಪಿನ ಮೇಲೆ ಬಾಣವೋ ಅಕ್ಷರವೋ ಇದೆಯಾ ನೋಡಿ. ಇದ್ದರೆ ಅದಕ್ಕೆ ಅರ್ಥ ಇದೆ: ಪುಸ್ತಕ ಹೇಳಿದ ಕಡೆಯ ನಟ್ಟು ಮೊದಲು ಪೂರ್ತಿ ಬಿಗಿ, ಆಮೇಲೆ ಇನ್ನೊಂದು ಕಡೆ. ಆ ಇನ್ನೊಂದು ಕಡೆ ಸಣ್ಣ ಸಂದು ಉಳಿದರೆ ಗಾಬರಿ ಬೇಡ, ಅಂಥ ಕ್ಯಾಪಿನಲ್ಲಿ ಅದು ಇರಬೇಕಾದದ್ದೇ. ಸಂದು ಮುಚ್ಚಿಸಲು ಹೋಗಿಯೇ ಎಷ್ಟೋ ಸ್ಟಡ್ಡು ಮುರಿಯುತ್ತವೆ.

ರಸ್ತೆಗೆ ಇಳಿಸುವ ಮುಂಚೆ

ಮತ್ತೆ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ ನೋಡಿ. ಉಜ್ಜುವ ಸದ್ದು ಬರಬಾರದು. ಚಕ್ರವನ್ನು ಎರಡೂ ಪಕ್ಕ ಹಿಡಿದು ಅಲ್ಲಾಡಿಸಿ, ಟಕ್ ಟಕ್ ಅನ್ನಬಾರದು. ಸ್ಪೀಡೋಮೀಟರ್ ಕೇಬಲ್ ಎಳೆದ ಹಾಗಿರಬಾರದು. ಬ್ರೇಕ್ ಲಿವರ್ ಮತ್ತೊಮ್ಮೆ ಒತ್ತಿ ನೋಡಿ. ಡಿಸ್ಕಿನ ಮೇಲೆ ಕೈಯ ಗ್ರೀಸ್ ತಾಗಿದ್ದರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ.

ಕೊನೆಗೆ ಬೋಲ್ಟಿನ ತಲೆಯಿಂದ ಫೋರ್ಕಿನ ಮೇಲಕ್ಕೆ ಬರುವ ಹಾಗೆ ನೈಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೆಯಿರಿ. ಬೋಲ್ಟು ಒಂಚೂರು ತಿರುಗಿದರೂ ಗೆರೆ ಒಡೆದು ಕಾಣುತ್ತದೆ. ಮೊದಲು ನಮ್ಮ ರಸ್ತೆಯಲ್ಲೇ ನಿಧಾನವಾಗಿ ಎರಡು ಸುತ್ತು ಹೊಡೆದು ಬಂದು ನೋಡಿದೆ. ಮಾರನೇ ದಿನ ಮೈಸೂರಿಗೆ ಹೋದೆ, ಸುಮಾರು 45 ಕಿಲೋಮೀಟರು. ಅಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ಬಗ್ಗಿ ಗೆರೆ ನೋಡಿದೆ. ಹೆಂಡತಿಯ ಕೆಂಪು ಬಣ್ಣ ಒಡೆದಿರಲಿಲ್ಲ. ಬಾಟಲಿ ಮಾತ್ರ ಇನ್ನೂ ನನ್ನ ಟೂಲ್ ಡಬ್ಬಿಯಲ್ಲೇ ಇದೆ, ಜೊತೆಗೆ ಇನ್ನೊಂದು 8.8 ಬೋಲ್ಟು ಇದೆ.